ಕಾಲ್ಗುಣ

…ಅಥವಾ ಚಪ್ಪಲಿಯನ್ನು ರೇಡಿಯೋದವರೇ ಹೊರಗೆ ಬಿಟ್ಟು ಬಂದಿದ್ದರೋ ಏನೋ. ನಾನು ಹೇಳಿದ್ದರಿಂದ ಬಿಟ್ಟರು ಎಂದೇ ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ಆದರೆ ನಂಬಿದ್ದು ಯಾವುದು, ಕಂಡದ್ದು ಯಾವುದು ಎಂದು ಬಿಡಿಸಲು ಹೋದರೆ ಎರಡೂ ಒಂದಕ್ಕೊಂದು ಅಂಟಿಕೊಂಡೇ ಬರುತ್ತವೆ.

ಈ ಯೋಚನೆ ಶುರುವಾದದ್ದು ಲ್ಯಾಪ್‌ಟಾಪಿನಿಂದ. ಹದಿನೈದು ದಿನದಿಂದ ಅದು ನಾನು ಬರೆಯುತ್ತಿದ್ದ ಹಾಗೇ ಸಾಯುತ್ತಿತ್ತು. ನೀಲಿ ಪರದೆ ಬರುತ್ತಿತ್ತು, ಇಂಗ್ಲಿಷಿನಲ್ಲಿ ಏನೋ ವಿಷಾದ ಸೂಚಿಸುತ್ತಿತ್ತು, ಮತ್ತೆ ಮೊದಲಿನಿಂದ. ಒಳಗಿನ ಸಾಫ್ಟ್‌ವೇರನ್ನೆಲ್ಲ ಹೊಸದಾಗಿ ಹಾಕಿಸಿದೆ, ಬ್ಯಾಟರಿ ಬದಲಿಸಿದೆ, ಫ್ಯಾನಿನ ಧೂಳು ತೆಗೆಸಿದೆ. ಮೊನ್ನೆ ಅದು ಹಾಗೆ ಸತ್ತ ಗಳಿಗೆಯಲ್ಲಿ ನನ್ನ ಮಣಿಕಟ್ಟು ಅದರ ಲೋಹದ ಅಂಚಿನ ಮೇಲಿತ್ತು. ಜುಂ ಎಂದಿತು. ನೋವಲ್ಲ, ಇರುವೆಯ ಸಾಲು ಹರಿದ ಹಾಗೆ. ಅದು ಚಾರ್ಜಿಗಿತ್ತು, ನಾನು ಬರಿಗಾಲಿನಲ್ಲಿದ್ದೆ. ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ಆಮೇಲೆ, ನನಗೇ ಗೊತ್ತಿಲ್ಲದೆ, ಬೆರಳುಗಳ ಹಿಂಬದಿಯಿಂದ ಅದನ್ನು ಮುಟ್ಟಿ ನೋಡಿದೆ. ಅಂಗೈಯಿಂದಲ್ಲ, ಹಿಂಬದಿಯಿಂದ. ಹಾಗೆ ಮುಟ್ಟುವುದನ್ನು ನನಗೆ ಕಲಿಸಿದವರು ರೇಡಿಯೋದವರು. ಕಲಿಸಿದರು ಎಂದರೂ ತಪ್ಪು. ಅವರು ಮುಟ್ಟುವುದನ್ನು ನಾನು ಮೂರು ಸಲ ನೋಡಿದ್ದೆ, ಅಷ್ಟೆ. ನಾಲ್ಕನೆಯ ಸಲ ಅವರು ಹಾಗೆ ಮುಟ್ಟಲಿಲ್ಲ.

ಎಲ್ಲರೂ ಅವರನ್ನು ರೇಡಿಯೋದವರು ಎಂದೇ ಕರೆಯುತ್ತಿದ್ದರು. ಉರ್ವ ಮಾರುಕಟ್ಟೆಯ ಹತ್ತಿರ ಒಂದೇ ಬಾಗಿಲಿನ ರಿಪೇರಿ ಅಂಗಡಿ. ಅಂಗಡಿಯೊಳಗೆ ಹೊಟ್ಟೆ ಬಿಚ್ಚಿದ ರೇಡಿಯೋಗಳು, ಕರಗಿದ ಸೀಸದ ವಾಸನೆ. ವಯಸ್ಸು ಐವತ್ತರ ಆಸುಪಾಸು ಇದ್ದಿರಬೇಕು. ಇಪ್ಪತ್ತೆರಡರ ನನ್ನ ಕಣ್ಣಿಗೆ ಮುದುಕರಂತೆ ಕಂಡಿದ್ದರು. ಬಿಳಿ ಲುಂಗಿ, ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಪೆನ್ನಿನ ಹಾಗೆ ಸಿಕ್ಕಿಸಿದ ಟೆಸ್ಟರ್, ಕಾಲಲ್ಲಿ ನೀಲಿ ಪಟ್ಟಿಯ ಹವಾಯಿ ಚಪ್ಪಲಿ. ಒಂದು ಪಟ್ಟಿ ಕಿತ್ತು ಹೋಗದಂತೆ ಅಡಿಯಲ್ಲಿ ಸೇಫ್ಟಿ ಪಿನ್ ಚುಚ್ಚಿದ್ದರು.

ನಾನು ಘಟ್ಟದ ಮೇಲಿನವಳು. ನಮ್ಮೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಕೆಳಗೆ ಮಂಗಳೂರಿನವರ ಹೋಟೆಲ್ ಇತ್ತು. ಅಲ್ಲಿ ಕ್ಯಾಶಿನಲ್ಲಿ ಕೂರುತ್ತಿದ್ದವರನ್ನು ಮದುವೆಯಾಗಿ ಕುಲಶೇಖರದ ಅವರ ಮನೆಗೆ ಬಂದಿದ್ದೆ. ತುಳು ಬಾರದ ಸೊಸೆ. ನನ್ನೊಂದಿಗೆ ಕನ್ನಡದಲ್ಲಿ ಮಾತಾಡುವುದು ಆ ಮನೆಯವರಿಗೆ ಹಬ್ಬದ ಸೀರೆ ಉಟ್ಟು ಪಾತ್ರೆ ತೊಳೆದಷ್ಟು ಕಷ್ಟವಾಗುತ್ತಿತ್ತು. ನಾನು ಬಂದ ವಾರವೇ ನನ್ನ ಗಂಡನಿಗೆ ಬರಬೇಕಿದ್ದ ದುಬೈ ವೀಸಾ ತಡವಾಗುತ್ತದೆ ಎಂದು ಕಾಗದ ಬಂತು. ಅತ್ತೆ ನನಗೇನೂ ಹೇಳಲಿಲ್ಲ. ಒಳಗೆ ಅಕ್ಕಿ ಆರಿಸುತ್ತಾ ಪಕ್ಕದ ಮನೆಯವರ ಹತ್ತಿರ ತುಳುವಿನಲ್ಲಿ ಏನೋ ಹೇಳಿದರು. ಅದರಲ್ಲಿ ನನಗೆ ಅರ್ಥವಾದದ್ದು ಒಂದೇ ಮಾತು, ಕಾಲ್ಗುಣ. ಈ ಮಾತಿಗೆ ಮಾತ್ರ ಎರಡು ಭಾಷೆಯ ನಡುವೆ ಘಟ್ಟ ಇರಲಿಲ್ಲ.

ಕೆಲಸ ಸಿಕ್ಕಿದ್ದು ಬಿಕರ್ನಕಟ್ಟೆಯಲ್ಲಿ, ಧಣಿಗಳ ಆಫೀಸಿನಲ್ಲಿ. ಧಣಿಗಳೆಂದರೆ ಹಿಂದೆ ಗದ್ದೆ ತೋಟ ಇದ್ದ ಮನೆತನದವರು. ಆಮೇಲೆ ಹೋಟೆಲ್ ಹಾಕಿದ್ದರು, ಆಗ ಹೊಸದಾಗಿ ಜನರನ್ನು ಗಲ್ಫಿಗೆ ಕಳಿಸುವ ಏಜೆನ್ಸಿ ಶುರುಮಾಡಿದ್ದರು. ಕೆಲಸಕ್ಕೆ ಅರ್ಜಿ ಹಾಕಿದವರ ಹೆಸರು, ಅನುಭವ, ಪಾಸ್‌ಪೋರ್ಟು ವಿವರಗಳನ್ನೆಲ್ಲ ಪಟ್ಟಿ ಮಾಡಲು ಒಂದು ಕಂಪ್ಯೂಟರ್ ತರಿಸಿದ್ದರು. ಅದು ಎಂಬತ್ತರ ದಶಕದ ಕೊನೆಯ ಭಾಗ. ಕಂಪ್ಯೂಟರ್ ಎಂದರೆ ಆ ರಸ್ತೆಯವರು ನಿಂತು ನೋಡುವ ವಸ್ತು. ಅದಕ್ಕೊಂದು ಪ್ರತ್ಯೇಕ ಕೋಣೆ, ಕಿಟಕಿಗೆ ಪರದೆ, ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒರೆಸಿದ ಕಾವಿ ನೆಲ. ಆಯುಧ ಪೂಜೆಯಲ್ಲಿ ಇಟ್ಟ ಕುಂಕುಮ ಅದರ ಹಣೆಯ ಮೇಲೆ ಹಾಗೆಯೇ ಇತ್ತು. ಧೂಳು ಒಳಗೆ ಹೋದರೆ ಯಂತ್ರ ಕೆಡುತ್ತದೆ ಎಂದು ಕಂಪೆನಿಯವರು ಹೇಳಿದ್ದರಂತೆ. ಧಣಿಗಳು ಅದನ್ನು ತಮ್ಮದೇ ರೀತಿಯಲ್ಲಿ ಅರ್ಥ ಮಾಡಿಕೊಂಡು ಬಾಗಿಲಿಗೆ ಬೋರ್ಡು ಹಾಕಿಸಿದರು: ‘ಪಾದರಕ್ಷೆಗಳನ್ನು ಹೊರಗೆ ಬಿಡಿ’. ಆ ಅಕ್ಷರಗಳನ್ನು ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದವಳು ನಾನು. ಇದರಲ್ಲಿ ಸಂಶಯವಿಲ್ಲ. ‘ಪಾದರಕ್ಷೆ’ ಎಂದು ಬರೆದದ್ದಕ್ಕೆ ಧಣಿಗಳು, “ಹೋ, ಘಟ್ಟದ ಕನ್ನಡ. ಚಪ್ಪಲಿಗೆ ಮರ್ಯಾದೆ ಬಂತು” ಎಂದು ನಕ್ಕದ್ದು ನೆನಪಿದೆ.

ನಾನು ಕೂತು ಅರ್ಧ ಗಂಟೆಗೆ ಕಂಪ್ಯೂಟರ್ ಆಫ್ ಆಗುತ್ತಿತ್ತು. ಟಪ್ ಎಂದು ಪರದೆ ಕಪ್ಪಾಗಿ, ಮರುಕ್ಷಣ ತಾನಾಗಿಯೇ ಎದ್ದು ಖಾಲಿ ಮುಖ ತೋರಿಸುತ್ತಿತ್ತು. ಟೈಪು ಮಾಡಿದ್ದು ಅಷ್ಟೂ ಹೋಗುತ್ತಿತ್ತು. ಹತ್ತು ನಿಮಿಷಕ್ಕೊಮ್ಮೆ ಫ್ಲಾಪಿಗೆ ತುಂಬಿಸುವುದನ್ನು ಕಲಿತೆ. ತುಂಬಿಸುವ ಹೊತ್ತಿನಲ್ಲೇ ಆಫ್ ಆಗಿ ಫ್ಲಾಪಿಯೂ ಹೋಯಿತು. ಸ್ಟೆಬಿಲೈಸರ್ ತಂದರು. ಕಂಪೆನಿಯ ಎತ್ತರದ ಎಂಜಿನಿಯರ್ ಎರಡು ಸಲ ಬಂದು, ದಿನವಿಡೀ ಕೂತು ನೋಡಿ, ಏನೂ ತೊಂದರೆಯಿಲ್ಲ ಎಂದು ಬರೆದುಕೊಟ್ಟು ಹೋದರು. ಅವರು ಕೂತಾಗ ಅದು ಒಮ್ಮೆಯೂ ಆಫ್ ಆಗಲಿಲ್ಲ. ಧಣಿಗಳು ಸ್ವತಃ ಕೂತು ಒಂದು ಬೆರಳಿನಲ್ಲಿ ತಮ್ಮ ಹೆಸರನ್ನು ನಲವತ್ತು ಸಲ ಟೈಪಿಸಿದರು. ಆಗಲೂ ಇಲ್ಲ. ಸಂದರ್ಶನಕ್ಕೆ ಕರೆಯಬೇಕಾದವರ ಪಟ್ಟಿಯೇ ಹೋದದ್ದರಿಂದ ಒಂದು ಬೆಳಿಗ್ಗೆ ಬಜ್ಪೆ, ಮೂಲ್ಕಿ ಕಡೆಯವರೆಲ್ಲ ತಮಗೆ ಕರೆ ಯಾಕೆ ಬರಲಿಲ್ಲ ಎಂದು ಕೇಳಲು ಅಂಗಳದಲ್ಲಿ ಬಂದು ನಿಂತರು.

“ಅಲ್ಲ ಮಾರಾಯ್ತಿ, ನೀವು ಕೂತ್ರೆ ಮಾತ್ರ ಅದು ಮಲಗುವುದು ಎಂತಕ್ಕೆ?” ಧಣಿಗಳು ಕೇಳಿದರು. ಅವರೂ ಕೆಟ್ಟವರಲ್ಲ. ಬೇರೆಯವರಿಗೆ ತುಳುವಿನಲ್ಲಿ ವಿವರಿಸಿದರು. ಆ ವಿವರಣೆಯಲ್ಲೂ ನನಗೆ ಒಂದೇ ಮಾತು ತಿಳಿಯಿತು. ಮನೆಯಲ್ಲಿ ಕೇಳಿದ್ದೇ. ತಿಂಗಳ ಕೊನೆಯೊಳಗೆ ಇದು ಸರಿಯಾಗದಿದ್ದರೆ ಬೇರೆ ಹುಡುಗಿಯನ್ನು ನೋಡುವುದಾಗಿ ಕನ್ನಡದಲ್ಲಿಯೇ ಹೇಳಿದರು. ಕೆಲಸ ಹೋಗುವುದು ನನಗೆ ದೊಡ್ಡದಾಗಿರಲಿಲ್ಲ. ಹೋದ ಸುದ್ದಿ ಮನೆ ಮುಟ್ಟಿದರೆ ಆ ಮಾತು ನನ್ನ ಮೇಲೆ ಸಾಯುವವರೆಗೆ ಅಂಟಿಕೊಳ್ಳುತ್ತದೆ ಎಂಬುದೇ ಹೆದರಿಕೆ. ವೀಸಾಕ್ಕೂ ನನಗೂ, ಕಂಪ್ಯೂಟರಿಗೂ ನನಗೂ ಏನೂ ಸಂಬಂಧವಿಲ್ಲ ಎಂದು ಹೇಳಿಕೊಳ್ಳುತ್ತಿದ್ದೆ. ಆದರೆ ಬೆಳಿಗ್ಗೆ ಆ ಕೋಣೆಗೆ ಹೋಗುವಾಗ ಯಾವ ಕಾಲು ಮೊದಲು ಇಟ್ಟೆ ಎಂದು ನೋಡಿಕೊಳ್ಳಲು ಶುರುಮಾಡಿದ್ದೆ.

ಅಂಥ ಹೊತ್ತಿನಲ್ಲಿ ಧಣಿಗಳು ರೇಡಿಯೋದವರನ್ನು ಕರೆಸಿದರು. ಹೋಟೆಲಿನ ರೇಡಿಯೋ, ಮೈಕು ಎಲ್ಲ ಅವರೇ ನೋಡುತ್ತಿದ್ದದ್ದು. ಬಾಗಿಲಲ್ಲಿ ನಿಂತು ಅವರು ಮೊದಲು ಹೇಳಿದ್ದು, “ನನಗೆ ಕಂಪ್ಯೂಟರ್ ಗೊತ್ತಿಲ್ಲ, ಆಯ್ತಾ? ಕರೆಂಟ್ ಗೊತ್ತುಂಟು.” ಎರಡನೆಯದಾಗಿ ಬೋರ್ಡನ್ನು ಓದಿದರು. ಓದಿ, ಚಪ್ಪಲಿ ಹಾಕಿಕೊಂಡೇ ಒಳಗೆ ಬಂದರು. ನಾನು ಬೋರ್ಡಿನ ಕಡೆ ನೋಡಿದೆ. “ಇದು ರಬ್ಬರ್,” ಎಂದು ಕಾಲು ತೋರಿಸಿದರು. “ನಮ್ಮ ಕೆಲಸದವರಿಗೆ ಇದೇ ದೇವರು. ನಿಮ್ಮ ದೇವರು ಒಳಗೆ ಉಂಟಲ್ಲ, ನನ್ನದು ಕಾಲಲ್ಲಿ ಉಂಟು.” ಬೆರಳುಗಳ ಹಿಂಬದಿಯಿಂದ ಆ ಕಬ್ಬಿಣದ ಪೆಟ್ಟಿಗೆಯನ್ನು ಮುಟ್ಟಿದರು. ಅಂಗೈಯಿಂದ ಮುಟ್ಟಿದರೆ, ಕರೆಂಟಿದ್ದಾಗ ಕೈ ಮುಚ್ಚಿಕೊಂಡು ಅಲ್ಲೇ ಹಿಡಿದುಬಿಡುತ್ತದಂತೆ. ಹಿಂಬದಿಯಾದರೆ ಕೈ ತಾನಾಗಿ ದೂರ ಹೋಗುತ್ತದಂತೆ.

ಅವರು ಏನನ್ನೂ ಬಿಚ್ಚಲಿಲ್ಲ. ಕೂತು ಪ್ರಶ್ನೆ ಕೇಳಿದರು. ಉತ್ತರಗಳನ್ನು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದುಕೊಂಡರು. ಕೂತು ಎಷ್ಟು ಹೊತ್ತಿಗೆ ಆಫ್ ಆಗುತ್ತದೆ? ಆಗ ಪಕ್ಕದ ಕೋಣೆಯಲ್ಲಿ ಫ್ಯಾನ್ ಉಂಟಾ? ಹೊರಗೆ ಲಾರಿ ಹೋಗ್ತದಾ? ನೀವು ಎಂತ ಮಾಡ್ತಾ ಇದ್ರಿ? ಟೈಪ್ ಮಾಡುತ್ತಿದ್ದೆ ಎಂದೆ. “ಅದಲ್ಲ. ಹಾಳಾದ ಮೇಲೆ ಎಂತ ಆಯ್ತು ಅಂತ ಎಲ್ಲರೂ ಹೇಳ್ತಾರೆ. ಹಾಳಾಗುವ ಮೊದಲು ಎಂತ ಮಾಡ್ತಾ ಇದ್ದದ್ದು ಅಂತ ಒಬ್ಬರೂ ಹೇಳುವುದಿಲ್ಲ,” ಎಂದರು. ಎರಡನೆಯ ಸಲ ಬಂದಾಗಲೂ, ಮೂರನೆಯ ಸಲ ಬಂದಾಗಲೂ ಇದೇ. ಮೂರನೆಯ ಸಲವೇ ಇರಬೇಕು, ನಾನು ಅವರಿಗೆ ಕಾಲ್ಗುಣದ ವಿಷಯ ಹೇಳಿದ್ದು. ಯಾಕೆ ಹೇಳಿದೆನೋ. ಗಂಡನಿಗೂ ಹೇಳಿರಲಿಲ್ಲ. ಅವರು ನಗಲಿಲ್ಲ. ಕ್ಯಾಲೆಂಡರಿನ ಹಾಳೆಯಲ್ಲಿ ಏನೋ ಬರೆದರು. ‘ಕಾಲು’ ಎಂದು ಬರೆದರು ಎಂದು ನನ್ನ ನೆನಪು ಹೇಳುತ್ತದೆ. ಆದರೆ ಇದು ಆಮೇಲೆ ನಾನೇ ಬರೆದಿಟ್ಟ ಅಕ್ಷರವೂ ಆಗಿರಬಹುದು.

ನಾಲ್ಕನೆಯ ಸಲ ಬಂದದ್ದು ಗುರುವಾರ. ಗುರುವಾರವಾದ್ದರಿಂದ ಪಕ್ಕದ ಬಾಲಯೇಸುವಿನ ಪುಣ್ಯಕ್ಷೇತ್ರಕ್ಕೆ ಬರುವವರಿಂದ ಬಸ್ಸು ತುಂಬಿ, ಇಳಿಯಲು ಆಗದೆ ಮುಂದಿನ ಸ್ಟಾಪಿಗೆ ಹೋಗಿ ನಡೆದು ಬಂದೆ ಎಂದರು. ಬೆವರಿದ್ದರು. ನೆಲವನ್ನು ಆಗಷ್ಟೇ ಒರೆಸಿದ್ದರು. ಈ ಸಲ ಚಪ್ಪಲಿ ಹೊರಗಿತ್ತು.

ಇಲ್ಲಿ ನನ್ನಲ್ಲಿ ಎರಡು ಕತೆಗಳಿವೆ. ಒಂದರಲ್ಲಿ, ಹಸಿ ನೆಲದ ಮೇಲೆ ರಸ್ತೆಯ ಕೆಂಪು ಮಣ್ಣು ಮೆತ್ತಿದ ಚಪ್ಪಲಿ ಬರುವುದನ್ನು ಕಂಡು ನಾನು ಬೋರ್ಡಿನ ಕಡೆ ಬೆರಳು ತೋರಿಸುತ್ತೇನೆ. ಆ ದಿನ ಧಣಿಗಳು ಬರುವವರಿದ್ದರು, ನನಗೆ ಬೈಗುಳ ಬೇಡವಾಗಿತ್ತು. ಅವರು ಹಿಂದೆ ಹೋಗಿ ಬಿಟ್ಟು ಬರುತ್ತಾರೆ. ಇನ್ನೊಂದರಲ್ಲಿ ಅವರೇ ಬಿಟ್ಟು ಬಂದು, “ನೀವು ಬರಿಗಾಲಲ್ಲಿ ಇರ್ತೀರಲ್ಲ, ಹಾಗೇ ನೋಡುವ,” ಎನ್ನುತ್ತಾರೆ. ಎರಡರಲ್ಲೂ ಅವರ ದನಿ, ಬೆವರು, ಬೆಳಕು ಒಂದೇ.

ಮುಂದಿನದರಲ್ಲಿ ಗೊಂದಲವಿಲ್ಲ. ದಿನಾ ಕೂರುವ ಹಾಗೆ ಕೂರಲು ಹೇಳಿ ಅವರು ಮೇಜಿನ ಪಕ್ಕ ನಿಂತರು. ನಾನು ಟೈಪ್ ಮಾಡುತ್ತಾ ಹೋದೆ. ಏನೂ ಆಗಲಿಲ್ಲ. ತುಂಬ ಹೊತ್ತಾಯಿತು. ಕಾಯುತ್ತಾ ಬೇಸರವಾಗಿ, ಅವರು ಒಂದು ಕೈಯನ್ನು ಆ ಪೆಟ್ಟಿಗೆಯ ಮೇಲೆ ಊರಿಕೊಂಡರು. ಅಂಗೈಯನ್ನೇ. “ಇಷ್ಟು ಡೀಸೆಂಟಾಗಿ ಯಾರು ಕೂತುಕೊಳ್ತಾರೆ? ಮನೆಯಲ್ಲಿ ಅತ್ತೆ ಇಲ್ಲದಾಗ ಕೂತ ಹಾಗೆ ಕೂತುಕೊಳ್ಳಿ,” ಎಂದರು. ನನಗೆ ನಗು ಬಂತು. ನಾನು ಗಿಡ್ಡ. ಆ ಕುರ್ಚಿ ಎತ್ತರದ್ದು. ಅರ್ಧ ಗಂಟೆ ಕೂತರೆ ಪಾದ ಜೋಮು ಹಿಡಿಯುತ್ತಿತ್ತು, ಆಗ ಎರಡೂ ಕಾಲನ್ನು ಎತ್ತಿ ಮೇಜಿನ ಅಡ್ಡಪಟ್ಟಿಯ ಮೇಲೆ ಇಟ್ಟು ಒತ್ತಿಕೊಳ್ಳುತ್ತಿದ್ದೆ. ಅದು ಇಷ್ಟು ದಿನ ನನಗೇ ಗೊತ್ತಿರಲಿಲ್ಲ. ನಗುತ್ತಾ ಕಾಲು ಎತ್ತಿ ಇಟ್ಟೆ.

ಪರದೆ ಕಪ್ಪಾಯಿತು.

ಅವರ ಬಾಯಿಂದ ಒಂದು ಸದ್ದು ಬಂತು. ಅದನ್ನು ಬರೆಯಲು ಎಷ್ಟೋ ಸಲ ನೋಡಿದ್ದೇನೆ, ಆಗಿಲ್ಲ. ಕೈ ಪೆಟ್ಟಿಗೆಯನ್ನು ಹಿಡಿದುಕೊಂಡಿತ್ತು. ಕಣ್ಣು ನನ್ನ ಮೇಲಿತ್ತು, ನನ್ನನ್ನು ನೋಡುತ್ತಿರಲಿಲ್ಲ. ಗಾಬರಿಯಲ್ಲಿ ನಾನು ಮಾಡಿದ್ದು ಒಂದೇ, ಎದ್ದು ಓಡಲು ಕಾಲು ಕೆಳಗಿಟ್ಟೆ. ಕೈ ಬಿಟ್ಟಿತು. ಅವರು ಹಿಂದಿನ ಗೋಡೆಗೆ ಬಡಿದು ಕುಸಿದರು. ಎರಡು ಸೆಕೆಂಡೋ, ಹತ್ತೋ…

ಕಂಪ್ಯೂಟರ್ ತಾನಾಗಿ ಎದ್ದು ತನ್ನ ಖಾಲಿ ಮುಖ ತೋರಿಸಿತು.

ನಾನು ಕೂಗಿದೆನೇ ಎಂದು ತಿಳಿಯದು. ಯಾರೂ ಬರಲಿಲ್ಲ, ಆದ್ದರಿಂದ ಕೂಗಿರಲಿಕ್ಕಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು ನೆಲದಲ್ಲಿ ಕೂತಲ್ಲಿಂದಲೇ, “ಸಿಕ್ತು,” ಎಂದರು. ಮೇನ್ ಸ್ವಿಚ್ ಆಫ್ ಮಾಡಲು ಹೇಳಿದರು. ನೀರು ತಂದುಕೊಟ್ಟೆ. ಲೋಟ ಹಿಡಿಯಲು ಬೆರಳು ಬಗ್ಗಲಿಲ್ಲ, ನಾನೇ ಕುಡಿಸಿದೆ. ಅಂಗೈಯಲ್ಲಿ ಬಿಳಿ ಗೆರೆಯಂಥ ಸುಟ್ಟ ಗಾಯ. ಎದ್ದು, ಎಡಗೈಯಲ್ಲಿ, ಮೇಜಿನ ಹಿಂದೆ ಗೋಡೆಗಿದ್ದ ಪ್ಲಗ್ಗಿನ ಮರದ ಹಲಗೆಯನ್ನು ಬಿಚ್ಚಿ ನನಗೆ ತೋರಿಸಿದರು. ಮೂರು ತೂತಿನ ಪ್ಲಗ್ಗಿನಲ್ಲಿ ದೊಡ್ಡ ತೂತಿನಿಂದ ಒಂದು ತಂತಿ ಹೊರಟು ಅಂಗಳದ ಮಣ್ಣಿಗೆ ಹೋಗಬೇಕು. ವಯರಿಂಗ್ ಮಾಡಿದವನು ಮುರಕಲ್ಲಿನ ಗಟ್ಟಿ ನೆಲ ಅಗೆಯುವ ಕಷ್ಟ ಯಾಕೆಂದು ಆ ತೂತನ್ನು ಒಂದಿಂಚಿನ ತಾಮ್ರದ ತಂತಿಯಿಂದ, ಕರೆಂಟು ಹಿಂದಿರುಗುವ ಪಕ್ಕದ ತೂತಿಗೆ ಕಟ್ಟಿ ಮುಗಿಸಿದ್ದ. ಆ ಪಕ್ಕದ ತೂತಿಗೆ ಬರುವ ತಂತಿಯ ಸ್ಕ್ರೂ ಸಡಿಲವಾಗಿತ್ತು. ನಾನು ಕಾಲು ಒತ್ತಿದರೆ ಮೇಜು ಹಿಂದಕ್ಕೆ ಹೋಗಿ ಹಲಗೆಗೆ ತಾಗುತ್ತದೆ, ತಂತಿ ಬಿಟ್ಟುಕೊಳ್ಳುತ್ತದೆ, ಕಂಪ್ಯೂಟರ್ ಆಫ್ ಆಗುತ್ತದೆ. ಅದೇ ಗಳಿಗೆಯಲ್ಲಿ ಹೋಗಲು ದಾರಿಯಿಲ್ಲದ ಕರೆಂಟು ಕಬ್ಬಿಣದ ಪೆಟ್ಟಿಗೆಯನ್ನೆಲ್ಲ ತುಂಬುತ್ತದೆ. ಬೆಚ್ಚಿ ನಾನು ಕಾಲು ತೆಗೆದರೆ ಎಲ್ಲ ಮೊದಲಿನ ಹಾಗೆ.

“ಇದಕ್ಕೆ ಅರ್ತ್ ಇಲ್ಲ,” ಎಂದರು. ಮಣ್ಣಿಗೆ ಹೋಗುವ ಆ ತಂತಿಯ ಹೆಸರು ತಿಳಿಯದ ನಾನು ‘ಅರ್ಥ ಇಲ್ಲ’ ಎಂದು ಕೇಳಿಸಿಕೊಂಡು ಹೌದೆಂದು ತಲೆಯಾಡಿಸಿದೆ.

“ಅವರು ಹೇಳಿದ್ದು ಸರಿಯೇ ಉಂಟು, ಮಾರಾಯ್ತಿ. ನಿಮ್ಮ ಕಾಲ್ಗುಣವೇ.” ಮುಖ ಇನ್ನೂ ಬೂದಿಯ ಬಣ್ಣದಲ್ಲಿತ್ತು, ಆದರೂ ನಗುತ್ತಿದ್ದರು. “ಒಳ್ಳೇ ಕಾಲ್ಗುಣ. ಅದು ಆಫ್ ಆಗುವಾಗೆಲ್ಲ ನಿಮ್ಮ ಕಾಲು ಮರದ ಮೇಲೆ ಉಂಟು. ಈಗಷ್ಟೇ ಒರೆಸಿದ ಈ ಚಂಡಿ ನೆಲದಲ್ಲಿ ಇಟ್ಟು ಒಂದು ದಿನ ಆ ಪೆಟ್ಟಿಗೆ ಮುಟ್ಟಿದ್ರೆ, ಅತ್ತೆಗೆ ಬೇರೆ ಸೊಸೆ ಹುಡುಕ್ಬೇಕಿತ್ತು.”

ಎರಡು ತಿಂಗಳು ನಾನು ದಿನವೂ ಅದರ ಮುಂದೆ ಬರಿಗಾಲಲ್ಲಿ ಕೂತಿದ್ದೆ. ಇದು ಮನಸ್ಸಿಗೆ ಇಳಿಯಲು ಹೊತ್ತು ಹಿಡಿಯಿತು.

ಅವರು ಆ ಒಂದಿಂಚು ತಂತಿಯನ್ನು ಕಿತ್ತು, ಸ್ಕ್ರೂ ಬಿಗಿ ಮಾಡಿದರು. ಅರ್ತ್ ಹಾಕುವವರೆಗೆ ಯಾರೂ ಯಂತ್ರ ಮುಟ್ಟಬಾರದು ಎಂದರು. ಆಫೀಸಿನ ಫೋನಿನಲ್ಲಿ ಧಣಿಗಳೊಂದಿಗೆ ತುಳುವಿನಲ್ಲಿ ಮಾತಾಡಿದರು, ಒಂದು ಸಲ ದನಿ ಎತ್ತರಿಸಿದರು, ಒಂದು ಸಲ ನಕ್ಕರು. ಏನು ಹೇಳಿದರು ನನಗೆ ತಿಳಿಯಲಿಲ್ಲ. ಮರುದಿನ ಹೋಟೆಲಿನ ಕಡೆಯ ಎಲೆಕ್ಟ್ರಿಷಿಯನ್ ಬಂದು ಅಂಗಳದಲ್ಲಿ ಗುಂಡಿ ತೋಡಿಸಿ, ಪೈಪು ಇಳಿಸಿ, ಇದ್ದಿಲು ಉಪ್ಪು ತುಂಬಿದರು. ಬಾಗಿಲಿನ ಬೋರ್ಡನ್ನು ಧಣಿಗಳೇ ತೆಗೆದರು. ಆಮೇಲೆ ಕಂಪ್ಯೂಟರ್ ಒಂದು ಸಲವೂ ಆಫ್ ಆಗಲಿಲ್ಲ. ಆ ತಾಮ್ರದ ತುಂಡನ್ನು ನಾನು ಕುಂಕುಮದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಅಂಥ ಡಬ್ಬಿ ಮನೆಯಲ್ಲಿ ಎಂದೂ ಸಿಕ್ಕಿಲ್ಲ.

ಸೋಮವಾರ ಸಂಜೆ ಕೆಲಸ ಬಿಟ್ಟ ಮೇಲೆ ಉರ್ವಕ್ಕೆ ಬಸ್ಸು ಹತ್ತಿದೆ. ಶನಿವಾರದಿಂದ ಕಂಪ್ಯೂಟರ್ ಒಂದೇ ಒಂದು ಸಲವೂ ಮಲಗಿಲ್ಲ ಎಂದು ಅವರಿಗೆ ಹೇಳಬೇಕಾಗಿತ್ತು. ಧಣಿಗಳು ನನ್ನನ್ನು ಕೆಲಸದಲ್ಲಿ ಖಾಯಂ ಮಾಡಿದ್ದನ್ನೂ. ಅಂಗಡಿಯ ಬಾಗಿಲು ಹಾಕಿತ್ತು. ಪಕ್ಕದಲ್ಲಿ ಒಬ್ಬ ಟೈಲರ್ ಹೊಲಿಗೆ ಯಂತ್ರ ತುಳಿಯುತ್ತಿದ್ದರು. ರೇಡಿಯೋದವರು ಯಾವಾಗ ಬರುತ್ತಾರೆ ಎಂದು ಕೇಳಿದೆ.

ಅವರು ತುಳಿಯುವುದನ್ನು ನಿಲ್ಲಿಸದೆ, “ರೇಡಿಯೋ ಕೊಟ್ಟಿದ್ರಾ? ಚೀಟಿ ಉಂಟಾ?” ಎಂದರು.

ಇಲ್ಲ, ಸುಮ್ಮನೆ ನೋಡಲು ಬಂದೆ ಎಂದೆ. ಆಗ ಯಂತ್ರ ನಿಂತಿತು.

“ತೀರಿಕೊಂಡ್ರಲ್ಲ. ಶನಿವಾರ ಬೆಳಿಗ್ಗೆ. ಗುರುವಾರ ಬಂದವರು ಕೈ ನೋವು, ಭುಜ ನೋವು ಅಂತ ಹೇಳ್ತಾ ಇದ್ರು. ಡಾಕ್ಟರಲ್ಲಿಗೆ ಹೋಗಿ ಅಂದ್ರೆ, ಹೋ, ನನಗೆ ಕರೆಂಟೇ ಡಾಕ್ಟರ್ ಅಂತ ತಮಾಷೆ. ಹಾರ್ಟಿಂದು ಮೊದಲೇ ಇತ್ತು ಅವರಿಗೆ. ಎರಡು ವರ್ಷದ ಹಿಂದೆ ಒಮ್ಮೆ ಆಗಿತ್ತು.” ಆಮೇಲೆ ನನ್ನನ್ನು ಸರಿಯಾಗಿ ನೋಡಿ, “ಕೂತುಕೊಳ್ಳಿ, ನೀರು ಬೇಕಾ? ನೀವು ಅವರಿಗೆ ಎಂತ ಆಗ್ಬೇಕು?” ಎಂದು ಕೇಳಿದರು.

ಏನೂ ಆಗಬೇಕಿಲ್ಲ ಎಂದೆ.

ಅಲ್ಲಿಂದ ಮನೆಗೆ ಹೇಗೆ ಬಂದೆ ಎಂಬುದು ನೆನಪಿನಲ್ಲಿ ಇಲ್ಲವೇ ಇಲ್ಲ. ಬಸ್ಸು, ಟಿಕೆಟು, ದಾರಿ ಏನೂ ಇಲ್ಲ. ಕತ್ತರಿಸಿ ಅಂಟಿಸಿದ ಹಾಗೆ, ಉರ್ವದ ಮುಚ್ಚಿದ ಬಾಗಿಲಿನ ನಂತರ ನೇರ ಕುಲಶೇಖರದ ನಮ್ಮ ಚಾವಡಿ ಬರುತ್ತದೆ. ಅತ್ತೆ ಎದುರು ಬಂದು ನನ್ನ ಬಾಯಿಗೆ ಸಕ್ಕರೆ ಹಾಕುತ್ತಾರೆ. ಗಂಡನ ವೀಸಾ ಬಂದಿದೆ. “ಆಫೀಸಲ್ಲೂ ಖಾಯಂ, ಇಲ್ಲಿಯೂ ಖಾಯಂ. ಇವಳ ಕಾಲ್ಗುಣ ಒಳ್ಳೇದುಂಟು,” ಎಂದು ನನಗೆ ತಿಳಿಯಲಿ ಎಂದೇ ಕನ್ನಡದಲ್ಲಿ ಹೇಳುತ್ತಾರೆ. ಬಾಯಲ್ಲಿ ಸಕ್ಕರೆ ಇಟ್ಟುಕೊಂಡು ನಾನು ನಿಂತಿದ್ದೇನೆ.

ಇದು ಅದೇ ದಿನ ನಡೆಯಿತೇ? ಗಂಡನ ಹಳೆಯ ಪಾಸ್‌ಪೋರ್ಟನ್ನು ನೋಡಿದರೆ ವೀಸಾದ ಮುದ್ರೆ ತಿಂಗಳ ನಂತರದ್ದು. ಹಾಗಾದರೆ ಆ ಸಕ್ಕರೆ ಬೇರೆ ದಿನದ್ದು. ನನ್ನ ತಲೆ ಎರಡನ್ನೂ ಒಂದು ಇಂಚು ತಂತಿಯಿಂದ ಕಟ್ಟಿ ಇಟ್ಟಿದೆ. ಬಿಚ್ಚಿದರೂ ಮತ್ತೆ ಹೋಗಿ ಸೇರಿಕೊಳ್ಳುತ್ತವೆ.

ಆ ಗುರುವಾರ ನಡೆದದ್ದನ್ನು ಟೈಲರಿಗೆ ಹೇಳಲಿಲ್ಲ. ಧಣಿಗಳಿಗೆ ಅವರು ತಮಗೆ ಶಾಕ್ ಹೊಡೆದದ್ದನ್ನು ಫೋನಿನಲ್ಲಿ ಹೇಳಿದ್ದರೋ ಇಲ್ಲವೋ, ಕೇಳುವ ಧೈರ್ಯ ಬರಲಿಲ್ಲ. ರೇಡಿಯೋದವರ ಮನೆ ಎಲ್ಲಿ, ಮನೆಯಲ್ಲಿ ಯಾರು ಇದ್ದರು ಎಂದೂ ವಿಚಾರಿಸಲಿಲ್ಲ. ಆ ಆಫೀಸಿನಲ್ಲಿ ಆರು ವರ್ಷ ಕೆಲಸ ಮಾಡಿದೆ. ಅವರ ಹೆಸರು ನನಗೆ ಗೊತ್ತಿಲ್ಲ.

ನಿನ್ನೆ ಲ್ಯಾಪ್‌ಟಾಪ್ ರಿಪೇರಿಯ ಹುಡುಗಿ ಮನೆಗೇ ಬಂದಿದ್ದಳು. ಹಿಂಬದಿಯ ಮುಚ್ಚಳ ಬಿಚ್ಚಿ, ಉಗುರಿನಷ್ಟು ಅಗಲದ ಹಸಿರು ಪಟ್ಟಿಯೊಂದನ್ನು ತೆಗೆದು, ಒರೆಸಿ, ಮತ್ತೆ ಒತ್ತಿ ಕೂರಿಸಿದಳು. “ಮೆಮರಿ ಲೂಸ್ ಉಂಟು ಆಂಟಿ, ಅದಕ್ಕೇ ಕ್ರ್ಯಾಶ್ ಆಗ್ತಾ ಇದ್ದದ್ದು. ಬೇರೆಂತ ಇಲ್ಲ.” ಜುಂ ಎಂದದ್ದನ್ನು ಹೇಳಿದೆ. ಗೋಡೆಯ ಪ್ಲಗ್ಗಿಗೆ ಟೆಸ್ಟರ್ ಇಟ್ಟು ನೋಡಿ, ಈ ಫ್ಲ್ಯಾಟಿನಲ್ಲಿ ಅರ್ತ್ ಸರಿಯಿಲ್ಲ, ಎಲೆಕ್ಟ್ರಿಷಿಯನ್‌ಗೆ ಹೇಳಿ ಎಂದಳು. ಹೋಗುವಾಗ ನನ್ನ ಕಾಲು ನೋಡಿ ನಕ್ಕಳು. ಮನೆಯೊಳಗೆ ನಾನು ಹವಾಯಿ ಚಪ್ಪಲಿ ಹಾಕಿಕೊಂಡಿದ್ದೆ, ಜುಂ ಎಂದ ದಿನವೇ ಅಂಗಡಿಗೆ ಹೋಗಿ ತಂದದ್ದು. ಅವಳು ತನ್ನದನ್ನು ಕೇಳದೆಯೇ ಬಾಗಿಲ ಹೊರಗೆ ಬಿಟ್ಟು ಬಂದಿದ್ದಳು. “ಹಾಕ್ಕೊಂಡೇ ಬರಬಹುದಿತ್ತು,” ಎಂದೆ. “ಛೆ, ಮನೆಯೊಳಗೆ ಹೇಗೆ ಆಂಟಿ?” ಎಂದಳು.

ಅವಳು ಹೋದ ಮೇಲೆ ಇದನ್ನು ಬರೆಯಲು ಕೂತೆ. ಈಗ ಆಫ್ ಆಗುತ್ತಿಲ್ಲ. ಆ ಗುರುವಾರದ ಬಾಗಿಲನ್ನು ಎಷ್ಟು ಸಲ ನೋಡಿದರೂ ಕಾಣುವುದು ಇಷ್ಟೆ: ಹೊರಗೆ ಒಂದು ಜೊತೆ ನೀಲಿ ಪಟ್ಟಿಯ ಚಪ್ಪಲಿ, ಕೆಂಪು ಮಣ್ಣು, ಎಡಗಾಲಿನದರ ಅಡಿಯಲ್ಲಿ ಪಿನ್ನು. ಪಕ್ಕದಲ್ಲಿ ನನ್ನ ಅಕ್ಷರ. ನಾನು ಬೆರಳು ತೋರಿಸಿದೆನೋ, ಅವರೇ ಬಿಟ್ಟು ಬಂದರೋ, ಅವರು ತೀರಿಕೊಂಡದ್ದಕ್ಕೆ ಅದು ಕಾರಣವಾಗಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.